ಒಣಗಿರಬೇಕಿದ್ದ ಮೂಲೆ

ಹೋಸಿಯತ್ ಓಪಾಗೆ, ಅಂದರೆ ಹೋಸಿಯತ್ ಅಕ್ಕನಿಗೆ, ಹೇಸಿಗೆ ಬೇಗ ಆಗುತ್ತಿತ್ತು. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಮೂವತ್ತು ವರ್ಷ ಗಾಜಿನ ಪಾತ್ರೆ ತೊಳೆದವರು. ಚಹಾದ ಬಟ್ಟಲಿನಲ್ಲಿ ಬೆರಳಗುರುತು ಕಂಡರೆ ಮುಟ್ಟುತ್ತಿರಲಿಲ್ಲ. ಬೆಟ್ಟದ ಟ್ಯುಲಿಪ್ ಗೆಡ್ಡೆಗಳನ್ನು ಅಗೆದು ಚೀಲಗಟ್ಟಲೆ ಮಾರುವವರನ್ನು ಕಂಡರೆ ಉಗುಳುತ್ತಿದ್ದರು.

ಅದಕ್ಕೇ ಚಿರ್ಚಿಕ್ ಊರಿನ ತಮ್ಮ ಮನೆಯಂಗಳದ ಮೂಲೆಯಲ್ಲಿ ಬೀಜ ಬಿತ್ತಿ ಬೆಳೆಸಿದ್ದರು. ಆರು ವಸಂತ ಗಿಡಕ್ಕೊಂದೇ ಎಲೆ ಬಂದಿತ್ತು. ಏಳನೆಯದರಲ್ಲಿ ಹೂ ಬರಬೇಕಿತ್ತು. ಒಟ್ಟು ನಲವತ್ತೊಂದು ಗಿಡ. ಜೂನ್‌ನಲ್ಲಿ ಎಲೆ ಒಣಗಿ ಉದುರಿದ ಮೇಲೆ ಗೆಡ್ಡೆಗೆ ಬೇಕಾದದ್ದು ಬಿಸಿಲು ಮತ್ತು ಒಣಮಣ್ಣು. ನೋಡುವವರಿಗೆ ಅದು ಬರಿ ನೆಲ.

ಆ ಆರನೆಯ ವರ್ಷದ ಮೇ ತಿಂಗಳಲ್ಲಿ ಮಗನ ಮದುವೆಯಾಗಿ ಸೊಸೆ ಜುಲ್ಹುಮೋರ್ ಮನೆಗೆ ಬಂದಿದ್ದಳು. ಹೊಸ ಸೊಸೆ ನಸುಕಿನಲ್ಲೇ ಅಂಗಳಕ್ಕೆ ನೀರು ಚಿಮುಕಿಸಿ ಗುಡಿಸಬೇಕು; ಬೀದಿಯೆಲ್ಲ ಅದನ್ನೇ ನೋಡುತ್ತದೆ. ಈಕೆ ಬಕೆಟ್ಟುಗಟ್ಟಲೆ ಸುರಿದಳು, ಮೂಲೆಯನ್ನೂ ಬಿಡದೆ.

"ನಿನ್ನ ಸೊಸೆ ಚಿನ್ನ ಕಣೇ. ನಮ್ಮವಳು ಪೊರಕೆ ಹಿಡಿದ್ರೆ ಧೂಳೇ ನಗುತ್ತೆ," ಅಂದಳು ಎದುರುಮನೆಯ ರೋಬಿಯಾ.

ಓಪಾ ಒದ್ದೆ ಮೂಲೆಯನ್ನು ನೋಡಿದರು. ಮೇಲ್ಮಣ್ಣಷ್ಟೇ ನೆನೆದಿರುತ್ತದೆ ಅಂದುಕೊಂಡರು. ಹೊಗಳಿಕೆ ಕಿವಿಯಲ್ಲಿರುವಾಗ ಸೊಸೆಯನ್ನು ತಡೆಯಲು ಮನಸ್ಸು ಬರಲಿಲ್ಲ.

ಆಗಸ್ಟ್ ಕೊನೆಗೆ ಮೂಲೆ ನಾರಿತು. ಇಲಿ ಸತ್ತಿರಬೇಕೆಂದು ಕೆದಕಿದರು. ಬೆರಳು ಕಂದು ಸಿಪ್ಪೆಯೊಳಗೆ ನುಗ್ಗಿತು: ಬೂದು ಲೋಳೆ, ಅದರಲ್ಲಿ ಬಿಳಿ ಹುಳು, ಕೊಳೆತ ಈರುಳ್ಳಿಯ ವಾಸನೆ. ಅಲ್ಲೇ ವಾಂತಿಯಾಯಿತು.

"ಏನಾಯ್ತು ಅತ್ತೆ?"

"ನಿನ್ನ ನೀರು ಕುಡಿದು ಕೊಳೆತಿವೆ. ನನ್ನ ಟ್ಯುಲಿಪ್ಪು."

"ಇಲ್ಲಿ ಏನೋ ಇದೆ ಅಂತ ನೀವು ಹೇಳ್ಲೇ ಇಲ್ವಲ್ಲ."

ಹೇಳಿರಲಿಲ್ಲ. ಮೂರು ತಿಂಗಳು ದಿನಾ ನೋಡಿಯೂ ಹೇಳಿರಲಿಲ್ಲ. ಓಪಾಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಜುಲ್ಹುಮೋರ್ ಕುಕ್ಕರಗಾಲಲ್ಲಿ ಕೂತು ಬರಿಗೈಯಲ್ಲಿ ಒಂದೊಂದನ್ನೇ ಹಿಸುಕಿ ನೋಡತೊಡಗಿದಳು.

"ಬಿಡೇ, ಕೈ ವಾರವೆಲ್ಲ ನಾರುತ್ತೆ."

"ನಾರ್ಲಿ ಬಿಡಿ. ಇದು ಗಟ್ಟಿ ಇದೆ, ಹಿಡ್ಕೊಳ್ಳಿ."

ಓಪಾ ಮುಖ ತಿರುಗಿಸಿ ಅಂಗೈ ಚಾಚಿದರು. ನಲವತ್ತೊಂದರಲ್ಲಿ ಗಟ್ಟಿಯಿದ್ದವು ಒಂಬತ್ತು. ಅವನ್ನು ನೆರಳಲ್ಲಿ ಒಣಗಿಸಿ, ಅಕ್ಟೋಬರಿನಲ್ಲಿ ಮರಳು ಬೆರೆಸಿದ ಹೊಸ ಪಾತಿಯಲ್ಲಿ ಹದಿನೈದು ಸೆಂಟಿಮೀಟರ್ ಆಳಕ್ಕೆ ಇಟ್ಟರು.

ಏಪ್ರಿಲ್‌ನಲ್ಲಿ ನಾಲ್ಕು ಕೆಂಪಗೆ ಅರಳಿದವು. ಓಪಾ ಎರಡು ಮಾರು ದೂರದಲ್ಲೇ ನಿಂತು ನೋಡಿದರು. ಆ ವಾಸನೆ ಅವರ ಮೂಗಿನಿಂದ ಇನ್ನೂ ಹೋಗಿರಲಿಲ್ಲ.

ಜೂನ್ ಬಂದು ಎಲೆ ಉದುರಿತು. ರೋಬಿಯಾ ಬಾಗಿಲಲ್ಲಿ ನಿಂತು ಕೇಳಿದಳು, "ಏನೇ, ಸೊಸೆಗೆ ಆಗ್ಲೇ ಸೋಮಾರಿತನವಾ? ಆ ಪಾತಿ ನೀರು ಕಂಡು ಎಷ್ಟು ದಿನವಾಯ್ತೋ, ಅಸಹ್ಯ."

"ನಾನೇ ಬೇಡ ಅಂದಿದೀನಿ," ಅಂದರು ಓಪಾ. "ಹೋದ ವರ್ಷವೇ ಅನ್ನಬೇಕಿತ್ತು."