ರಜಿಯಾ ಬಿಗಿದ ಲಾಕ್

ರಜಿಯಾ, ಆ ಲಾಕನ್ನು ಸಡಿಲಿಸಿದವಳು ನಾನು. ನೀನು ಸರಿಯಾಗಿಯೇ ಬಿಗಿದಿದ್ದೆ. ಈ ಮಾತನ್ನು ಎಷ್ಟು ಸಲ ನಾಲಿಗೆಯ ತುದಿಗೆ ತಂದು ನುಂಗಿದ್ದೇನೋ —

ಡ್ರೋನ್ ಹಾರಿಸುವುದನ್ನು ಇಬ್ಬರೂ ಒಟ್ಟಿಗೇ ಕಲಿತವರು. ತೊಗರಿ ಹೂ ಬಿಡುವ ಹೊತ್ತಿಗೆ ಸೇಡಂ, ಚಿತ್ತಾಪುರದ ಹೊಲಗಳಿಗೆಲ್ಲ ಔಷಧಿ ಹೊಡೆಯುತ್ತಿದ್ದೆವು. ಹಾರಿಸುವುದು ನಾನು, ಡ್ರೋನಿನ ಮಡಚಿದ ತೋಳುಗಳನ್ನು ಬಿಡಿಸಿ ಲಾಕ್ ಬಿಗಿಯುವುದು, ಟ್ಯಾಂಕು ತುಂಬುವುದು ನೀನು. ಅವತ್ತು ರಾವೂರಿನ ಹೊಲದಲ್ಲಿ ನೀನು ಎಲ್ಲ ಬಿಗಿದಿಟ್ಟು ನೀರು ತರಲು ಹೋದೆ. ಡ್ರೋನು ನಿಂತಿದ್ದ ಜಾಗ ನನಗೆ ಸರಿ ಕಾಣಲಿಲ್ಲ. ಪಕ್ಕದ ಮುಳ್ಳುಕಂಟಿಗೆ ತಾಗದಿರಲೆಂದು ಲಾಕ್ ಸಡಿಲಿಸಿ ಒಂದು ತೋಳು ಮಡಚಿ, ಅದನ್ನು ಸ್ವಲ್ಪ ಸರಿಸಿ, ತೋಳನ್ನು ಮತ್ತೆ ಬಿಡಿಸಿದೆ. ಬಿಗಿಯಬೇಕು ಅನ್ನುವಷ್ಟರಲ್ಲಿ ಹೊಲದವರು ಏನೋ ಕೇಳಿದರು, ಅತ್ತ ತಿರುಗಿದೆ —

ತುಂಬಿದ ಟ್ಯಾಂಕು ಹೊತ್ತ ಡ್ರೋನು ಆಳೆತ್ತರ ಏಳುವಷ್ಟರಲ್ಲಿ ಆ ತೋಳು ಮಡಚಿಕೊಂಡಿತು. ವಾಲಿ, ನೀನು ನಿಂತಿದ್ದ ಬದುವಿನತ್ತ ನುಗ್ಗಿತು. ಮುಖಕ್ಕೆ ಅಡ್ಡ ಹಿಡಿದ ನಿನ್ನ ಬಲಗೈಯನ್ನು ರೆಕ್ಕೆ ಸೀಳಿತು.

ಆಸ್ಪತ್ರೆಯಲ್ಲಿ ನೀನೇ ಮೊದಲು ಮಾತಾಡಿದೆ. "ಅಕ್ಕಾ, ನಂದೇ ತಪ್ಪು. ಲಾಕ್ ಹಾಕೀನೋ ಇಲ್ಲೋ, ಭಾಳ ನೆನಸ್ಲಿಕತ್ತೀನಿ... ಖರೇನ ನೆನಪಾಗವಲ್ದು."

ಆಗ ಹೇಳಬಹುದಿತ್ತು. ಹೇಳಿದ್ದೇನು?

"ಇರ್ಲಿ ಬಿಡವ್ವ. ಯಾರ್ ಮರಿಯಂಗಿಲ್ಲ?"

ನನ್ನ ತಪ್ಪಿಗೆ ನಿನ್ನನ್ನು ಕ್ಷಮಿಸಿಬಿಟ್ಟೆ! ನೀನು ಕಣ್ಣೀರು ಹಾಕಿ ನನ್ನ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲಿಲ್ಲ ನಾನು.

ನಿನ್ನ ಬೆರಳುಗಳು ಮತ್ತೆ ಮೊದಲಿನಂತೆ ಮಡಚಲಿಲ್ಲ. ನೀನು ಕೆಲಸಕ್ಕೆ ಬರಲಿಲ್ಲ. ನಾನು ಹಾರಿಸುತ್ತಲೇ ಇದ್ದೇನೆ — ಪ್ರತಿ ಸಲ ಡ್ರೋನು ನೆಲ ಬಿಡುವಾಗ ಉಸಿರು ಹಿಡಿದು.

ಮೊನ್ನೆ ನಾಲವಾರ ಊರಿನ ನಿನ್ನ ಮನೆಗೆ ಬಂದಿದ್ದೆನಲ್ಲ, ಚಹಾ ಕೊಟ್ಟ ಮೇಲೆ ನೀನು ಮತ್ತೆ ಮತ್ತೆ ಒಳಗೆ ಹೋಗಿ ಗ್ಯಾಸ್ ಬಂದ್ ಆಗಿದೆಯೇ ಎಂದು ನೋಡಿ ಬಂದೆ. ನಿನ್ನ ಗಂಡ ನಕ್ಕರು. "ಆಕಿ ಮರೀತಾಳ್ರಿ. ಎಲ್ಲಾ ನಾನೇ ನೋಡ್ಬೇಕು ಈಗ." ನೀನೂ ನಕ್ಕೆ. ನಾನು ಅರ್ಧ ಚಹಾ ಬಿಟ್ಟು ಎದ್ದೆ. ವಾಪಸು ವಾಡಿಯವರೆಗೆ ರೈಲಿನಲ್ಲಿ ಕೂರಲೂ ಆಗದೆ ಬಾಗಿಲ ಬಳಿ ನಿಂತೇ ಬಂದೆ. ನಿನ್ನ ಕೈ ಮಾತ್ರ ಹೋಯಿತೆಂದು ತಿಳಿದಿದ್ದೆ. ನಿನಗೆ ನಿನ್ನ ಮೇಲಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೇನೆ —

ನಾಳೆ ಬರುತ್ತೇನೆ. ನಿನ್ನ ಗಂಡನೂ ಅತ್ತೆಯೂ ಇರುವಾಗಲೇ ಹೇಳುತ್ತೇನೆ. ನೀನು ಬಾಗಿಲು ಹಾಕಿಕೊಂಡರೆ, ಹೊರಗೆ ನಿಂತು, ಓಣಿಗೆಲ್ಲ ಕೇಳುವಂತೆ ಹೇಳುತ್ತೇನೆ: ರಜಿಯಾ ಏನನ್ನೂ ಮರೆತಿರಲಿಲ್ಲ.