ಫ್ರೀ ಬಸ್ಸಿನಲ್ಲಿ ಕಟ್ಟಿದ ದಂಡ

ಫ್ರೀ ಬಸ್ಸಲ್ಲಿ ಓಡಾಡಿ ದಂಡ ಕಟ್ಟಿದ ಹೆಣ್ಣುಮಗಳನ್ನ ಯಾರಾದ್ರೂ ನೋಡಿದೀರಾ? ಇಲ್ಲ ಅಂದ್ರೆ ಈ ಅಂಕಣದ ಮೇಲಿರೋ ಫೋಟೊ ನೋಡ್ಕೊಳ್ಳಿ. ನಾನೇ. (ಫೋಟೊ ಹಳೇದು, ಸಿಟ್ಟು ಮಾತ್ರ ಹೊಸದು.)

ನಾನು ಹರಿಹರದ ಟೈಲರ್ ಮಗಳು, ಓದೋದು ದಾವಣಗೆರೆಯಲ್ಲಿ, ಎಂ.ಕಾಂ. ಕೊನೇ ವರ್ಷ ಅಂತ ಇಲ್ಲಿ ಎಷ್ಟೋ ಸಲ ಬರೆದಿದ್ದೀನಿ. ದಿನಾ ಬೆಳಗ್ಗೆ ಅದೇ ಸರ್ಕಾರಿ ಬಸ್ಸು, ಅದೇ ಮುಖಗಳು. ಕೊಂಡಜ್ಜಿ ಕಡೆಯಿಂದ ಬರೋ ಹೂವಿನ ಹೆಂಗಸರು, ಇಬ್ಬರು ನರ್ಸು, ನಾಲ್ಕೈದು ಕಾಲೇಜು ಹುಡುಗೀರು. ಮುಂದಿನ ಸೀಟಲ್ಲಿ ಗಿರಿಜಕ್ಕ. ಆಕೆ ನಿಟ್ಟುವಳ್ಳಿಯ ಶಾಲೆಯೊಂದರಲ್ಲಿ ಆಯಾ. ಬಸ್ಸೊಳಗೆ ಮಾತ್ರ ಆಕೇನೇ ಹೆಡ್‌ಮಾಸ್ಟರ್.

ನಮ್ಮ ಬಸ್ಸಿಗೊಂದು ಪದ್ಧತಿ ಇದೆ. ಕಂಡಕ್ಟರ್ ಬಸಣ್ಣ ಒಬ್ಬೊಬ್ಬರ ಹತ್ರ ಬಂದು ಆಧಾರ್ ಕಾರ್ಡ್ ನೋಡಿ ಟಿಕೆಟ್ ಕೊಡೋದಿಲ್ಲ. ಬಸ್ ಸ್ಟ್ಯಾಂಡಲ್ಲೇ ಹೆಂಗಸರ ತಲೆ ಎಣಿಸ್ತಾನೆ. ಅಷ್ಟೂ ಝೀರೋ ಟಿಕೆಟ್ ಒಂದೇ ಸಲ ಮಷೀನಿನಿಂದ ಎಳೆದು ಗಿರಿಜಕ್ಕನ ಕೈಗೆ ಕೊಡ್ತಾನೆ. ಗಿರಿಜಕ್ಕ ಕೂತಲ್ಲಿಂದಲೇ ಪ್ರಸಾದ ಹಂಚಿದಂಗೆ ಹಿಂದಕ್ಕೆ ದಾಟಿಸ್ತಾಳೆ. ಯಾರೂ ಜೋರು ಮಾಡೋಹಂಗಿಲ್ಲ, ಎಲ್ಲರಿಗೂ ಬರುತ್ತೆ.

ಹೋದ ವಾರ ನನಗೆ ಬರಲಿಲ್ಲ.

ಅವತ್ತು ಬಸ್ ಸ್ಟ್ಯಾಂಡಲ್ಲಿ ಬಸ್ಸು ತಪ್ಪಿತ್ತು. ಅಪ್ಪ ಗಾಡೀಲಿ ಬೆನ್ನಟ್ಟಿಕೊಂಡು ಬಂದು ಮುಂದಿನ ಸ್ಟಾಪಲ್ಲಿ ಹತ್ತಿಸಿದ್ರು. ಅಷ್ಟೊತ್ತಿಗೆ ಬಸಣ್ಣನ ಎಣಿಕೆ ಮುಗಿದಿತ್ತು. ಗಿರಿಜಕ್ಕನ ಪಕ್ಕದ ನನ್ನ ಸೀಟಲ್ಲಿ ಬೇರೆ ಯಾರೋ ಕೂತಿದ್ರು, ನಾನು ಹಿಂದೆ ಕೂತೆ. ಟಿಕೆಟಿನ ಕಂತೆ ನನ್ನ ಪಕ್ಕದೋಳ ತನಕ ಬಂದು ಖಾಲಿ ಆಯ್ತು. ನಾನು ಕೂಗಿದೆ, "ಅಣ್ಣಾ, ನಂದೊಂದು ಟಿಕೆಟ್!"

"ಕೊಡ್ತೀನಿ ಇರವ್ವ. ನೀನೆಲ್ಲಿ ಓಡಿ ಹೋಗ್ತೀಯ?" ಅಂದ ಬಸಣ್ಣ. ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ.

ದೊಡ್ಡಬಾತಿ ದಾಟಿದ ಮೇಲೆ ಬಸ್ಸು ಗಕ್ಕನೆ ನಿಂತಿತು. ಚೆಕಿಂಗ್! ಇಬ್ಬರು ಹತ್ತಿದರು. ಒಬ್ಬರು ಹಿಂದಿನಿಂದ, ಒಬ್ಬರು ಮುಂದಿನಿಂದ. ಎಲ್ಲರ ಕೈಯಲ್ಲೂ ಟಿಕೆಟ್. ನನ್ನ ಕೈಯಲ್ಲಿ ಟಿಫಿನ್ ಬಾಕ್ಸು.

"ಟಿಕೆಟ್ ಎಲ್ಲಮ್ಮ?"

"ಕೇಳಿದ್ದೆ ಸರ್. ಕೊಡ್ತೀನಿ ಅಂದ್ರು."

ಸಾಹೇಬರು ಬಸಣ್ಣನ ಕಡೆ ತಿರುಗಿದರು. ಬಸಣ್ಣ ನನ್ನ ಮುಖ ನೋಡಲಿಲ್ಲ. "ಕೇಳೇ ಇಲ್ಲ ಸಾರ್. ಫೋನ್ ನೋಡ್ಕಂತ ಕುಂತಿದ್ಲು" ಅಂದುಬಿಟ್ಟ.

ಎಂಥಾ ಸುಳ್ಳು ನೋಡ್ರಿ! ಬಸಣ್ಣ ಕೆಟ್ಟವನಲ್ಲ. ಪರೀಕ್ಷೆ ದಿನ ನನಗೋಸ್ಕರ ಬಸ್ಸು ನಿಲ್ಲಿಸಿಕೊಂಡು ಡ್ರೈವರ್ ಹತ್ರ ಬೈಸಿಕೊಂಡವನು. ಅದಕ್ಕೇ ಇನ್ನೂ ಜಾಸ್ತಿ ಉರೀತು.

"ಯಾರಾದ್ರೂ ಈಕೆ ಕೇಳಿದ್ದನ್ನ ಕೇಳಿಸ್ಕೊಂಡ್ರಾ?" ಸಾಹೇಬರು ಬಸ್ಸಿಗೆಲ್ಲ ಕೇಳಿದರು. ಈಗಷ್ಟೇ ಬಿದ್ದು ಬಿದ್ದು ನಕ್ಕ ಬಸ್ಸು. ಎಲ್ಲರಿಗೂ ಒಟ್ಟಿಗೇ ಕಿಟಕಿ ಆಚೆ ಏನೋ ಕಾಣಿಸಿಬಿಡ್ತು. ಹೂವಿನ ಹೆಂಗಸರು ಬುಟ್ಟಿ ಸರಿ ಮಾಡ್ಕೊಂಡ್ರು. ನರ್ಸು ಕಣ್ಣು ಮುಚ್ಚಿಕೊಂಡಳು.

ಸಾಹೇಬರನ್ನ ಬೈಯೋಹಂಗಿಲ್ಲ. ಟಿಕೆಟ್ ಇಟ್ಟುಕೊಳ್ಳೋದು ಪ್ರಯಾಣಿಕರ ಜವಾಬ್ದಾರಿ, ಫ್ರೀ ಆದ್ರೂ ಅಷ್ಟೇ ಅಂತ ರೂಲ್ಸು ಹೇಳಿದರು. ದಂಡ ಬರೆದರು. ನಾನು ಕೊಟ್ಟೆ. ವಿಷಯ ಅಲ್ಲಿಗೇ ಮುಗೀತಿತ್ತು. ಆದ್ರೆ ಅವರು ಸಹಿ ಮಾಡು ಅಂತ ಕೊಟ್ಟ ಕಾಗದದ ಮೇಲೆ ಕಾರಣ ಅಂತ ಒಂದು ಸಾಲಿತ್ತು: ಪ್ರಯಾಣಿಕರು ಟಿಕೆಟ್ ಕೇಳಿ ಪಡೆದಿಲ್ಲ.

"ಇದು ಸುಳ್ಳು ಸರ್. ನಾನು ಸಹಿ ಹಾಕಲ್ಲ."

ಆಗ ಗಿರಿಜಕ್ಕ ಎದ್ದು ಬಂದಳು. ಕಿವಿ ಹತ್ರ ಬಾಗಿ, "ಹಾಕಿಬಿಡವ್ವ. ದಂಡದ ರೊಕ್ಕ ನಾವೆಲ್ಲ ಕೂಡಿ ಕೊಡ್ತೀವಿ. ಅವನಿಗೆ ಮೆಮೊ ಕೊಟ್ರೆ ಹೆಂಗೆ? ಹೆಂಡ್ರು ಮಕ್ಳು ಅದಾರೆ. ನಿಂದೇನು, ಒಂದು ಸಹಿ" ಅಂದಳು.

ಒಂದು ಸಹಿ! ಅದರ ಕೆಳಗೆ ಇರೋದು ನನ್ನ ಹೆಸರು ತಾನೇ? ದಂಡದ ಕಾಗದದಲ್ಲಿ ಒಂದು ಸಲ ಒಪ್ಕೊಂಡ್ರೆ ಮುಗೀತು. ಸಂಜೆಗೆ ಅಪ್ಪನ ಅಂಗಡಿ ಮುಂದೆ ನಿಂತು ಯಾರಾದ್ರೂ "ನಿಮ್ಮ ಹುಡುಗಿ ಟಿಕೆಟ್ ಇಲ್ದಂಗೆ ಸಿಗಾಕ್ಕಂಡ್ಳಂತೆ" ಅಂದ್ರೆ, ಅಲ್ಲ ಅನ್ನೋಕೆ ನನ್ನ ಹತ್ರ ಏನಿರುತ್ತೆ?

"ರೊಕ್ಕ ಬ್ಯಾಡ ಅಕ್ಕ. ನಾನು ಕೇಳಿದ್ದು ನಿಮಗೆ ಕೇಳಿಸ್ತು ಅಂತ ಒಂದು ಮಾತು ಹೇಳ್ರಿ ಸಾಕು" ಅಂದೆ.

ಗಿರಿಜಕ್ಕ ತಿರುಗಿ ಹೋಗಿ ತನ್ನ ಸೀಟಲ್ಲಿ ಕೂತಳು.

ನಾನು ಪೆನ್ ತಗೊಂಡೆ. ಆ ಸಾಲಿನ ಕೆಳಗೆ ದಪ್ಪ ಅಕ್ಷರದಲ್ಲಿ, "ಟಿಕೆಟ್ ಕೇಳಿದ್ದೆ, ಕೊಡಲಿಲ್ಲ" ಅಂತ ಬರೆದು ಸಹಿ ಹಾಕಿದೆ. ಸಾಹೇಬರು ಓದಿದರು. ನನ್ನ ನೋಡಿದರು. ಆಮೇಲೆ ನಿಟ್ಟುಸಿರು ಬಿಟ್ಟು ಬಸಣ್ಣನಿಗೂ ಮೆಮೊ ಬರೆದರು. ಬಸ್ಸು ಹೊರಟಿತು. ಹಿಂದಿನಿಂದ ಒಬ್ಬಳು, "ದಂಡನೂ ಕಟ್ಟಿದ್ಲು, ಅವನ್ನೂ ಸಿಗಾಕಿಸಿದ್ಲು. ಏನ್ ಬಂತು?" ಅಂದಳು, ನನಗೆ ಕೇಳಿಸೋ ಹಂಗೇ. (ಈ ಬಾಯಿ ಐದು ನಿಮಿಷ ಮುಂಚೆ ಎಲ್ಲಿತ್ತು ತಾಯಿ?)

ಮರುದಿನ ಬಸ್ಸು ಹತ್ತಿದೆ. ಗಿರಿಜಕ್ಕನ ಪಕ್ಕದ ಸೀಟು ನನಗೆ ಅಂತ ದಿನಾ ಖಾಲಿ ಇರುತ್ತಿತ್ತು. ಅವತ್ತು ಅಲ್ಲಿ ಆಕೆಯ ಬ್ಯಾಗು ಕೂತಿತ್ತು. ಯಾರೂ ಬೈಯಲಿಲ್ಲ, ಯಾರೂ ಮಾತಾಡಲೂ ಇಲ್ಲ. ದಾವಣಗೆರೆ ತನಕ ನಿಂತೇ ಹೋದೆ. ಬಸಣ್ಣ ಕಾರ್ಡ್ ಕೇಳಿ, ತಿರುಗಿಸಿ ತಿರುಗಿಸಿ ನೋಡಿ, ಟಿಕೆಟ್ ಕೊಟ್ಟ.

ಅದರ ಮರುದಿನವೂ ಬ್ಯಾಗೇ. ನಾನು ಅತ್ತು ಸೀಟು ಬಿಟ್ಟುಕೊಡೋಳಲ್ಲ. ಬ್ಯಾಗು ಎತ್ತಿದೆ, ಆ ಜಾಗದಲ್ಲಿ ಕೂತೆ, ಬ್ಯಾಗನ್ನ ತೊಡೆ ಮೇಲೆ ಇಟ್ಟುಕೊಂಡೆ. ಬಸ್ಸು ಹರಿಹರ ದಾಟಿತು. ಕೊನೆಗೆ ನಾನೇ ಕೇಳಿದೆ.

"ಅಕ್ಕ, ಬಸಣ್ಣಂಗೆ ಏನಾಯ್ತು?"

"ಏನೂ ಆಗಿಲ್ಲ. ಯಾಕೆ ಹಿಂಗಾಯ್ತು ಅಂತ ಬರೆದು ಕೊಡು ಅಂದ್ರಂತೆ, ಕೊಟ್ನಂತೆ."

"ಮತ್ತೆ ನನ್ನ ಮೇಲ್ಯಾಕೆ ಸಿಟ್ಟು?"

ಗಿರಿಜಕ್ಕ ಕಿಟಕಿ ಕಡೆ ನೋಡಿದಳು. "ನೀನು ಕೂಗಿದ್ದು ನಂಗೆ ಕೇಳಿಸ್ತು ಕಣವ್ವ. ಎಲ್ಲಾರಿಗೂ ಕೇಳಿಸ್ತು. ಕೇಳಿಸಿದ್ದನ್ನೆಲ್ಲ ಹೇಳಕಾಗ್ತತಾ? ದಿನಾ ಇದೇ ಬಸ್ಸಲ್ಲಿ ಹೋಗೋರು ನಾವು."

ನಾನೂ ದಿನಾ ಇದೇ ಬಸ್ಸಲ್ಲೇ ಹೋಗೋಳು. ಅದಕ್ಕೇ ಹೇಳಿದ್ದು.

ನೀವೇ ಹೇಳ್ರಿ, ನಾನು ದಂಡ ಕಟ್ಟಿದ್ದು ಟಿಕೆಟ್ ಇಲ್ಲದ್ದಕ್ಕೋ, ಬಾಯಿ ಇದ್ದದ್ದಕ್ಕೋ?