ಶುಕ್ರವಾರದ ಪ್ರಾರ್ಥನೆಯಲ್ಲಿ ಓದಿದ ಹೆಸರು

ಮಾರ್ಚ್ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹಗರಿಬೊಮ್ಮನಹಳ್ಳಿಯ ಸ್ಟೇಷನ್ ರಸ್ತೆಯ ಬೀಜ-ಗೊಬ್ಬರದ ಅಂಗಡಿಯೊಂದರ ಶಟರ್ ಅರ್ಧ ಮಾತ್ರ ತೆರೆದಿತ್ತು. ಒಳಗೆ ಗೊಬ್ಬರದ ಚೀಲಗಳ ನಡುವೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬೆನಕಪ್ಪ ಫೋನು ಹಚ್ಚಿದ್ದರು. ಭಾನುವಾರ ಅವರು ವ್ಯಾಪಾರ ಮಾಡುವುದಿಲ್ಲ. ತಿಂಗಳ ಮೊದಲ ಭಾನುವಾರವಂತೂ ಬೇರೆಯದೇ ಕೆಲಸ. ಮಿಶನ್ ಕಾಲೇಜಿನಲ್ಲಿ ಜೊತೆಗೆ ಓದಿದವರಿಗೆಲ್ಲ ಫೋನು ಮಾಡಿ, ಯಾರ ಮನೆಯಲ್ಲಿ ಏನಾಯಿತೆಂದು ಕೇಳಿ, 'ತಿಂಗಳ ಸುದ್ದಿ' ಬರೆದು ಹಳೆಯ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು.

ಮೊದಲ ಫೋನು ಕೂಡ್ಲಿಗಿಯ ಓಬಳೇಶಪ್ಪನವರಿಗೆ. ಅವರದು ಕುರಿ ಸಾಕುವ ಮನೆತನ. ಹೈಸ್ಕೂಲು ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಮತ್ತೆ ಕುರಿಹಟ್ಟಿಗೆ ಮರಳಿದ್ದಾರೆ.

“ಏನಲೇ ಓಬಳೇಶಾ, ಏನ್ ಸುದ್ದಿ?”

“ಸುದ್ದಿ ಏನೈತಿ. ಎರಡು ಕುರಿ ಮರಿ ಹಾಕ್ಯಾವು. ಬರಕೋ.”

“ಮನುಷ್ಯಾರ ಸುದ್ದಿ ಹೇಳಲೇ.”

“ಮನುಷ್ಯಾರದು ಹೇಳಿದ್ರ ನೀ ಬರದ ಬಿಡ್ತೀಯಪ್ಪ. ಕುರಿಗೋಳಾದ್ರ ಓದಂಗಿಲ್ಲ.” ಆಮೇಲೆ ದನಿ ತಗ್ಗಿಸಿ, “ಮಂಡಿ ಬ್ಯಾನಿ ಜಾಸ್ತಿ ಆಗೈತಿ. ಇದು ನಿನಗಷ್ಟ. ಬರೀಬ್ಯಾಡ” ಎಂದರು.

ಜನವರಿಯಿಂದ ಈಚೆಗೆ ಎಲ್ಲರೂ ಹೀಗೇ. ಸುದ್ದಿ ಹೇಳುತ್ತಾರೆ, ಕೊನೆಗೆ ಬರೀಬ್ಯಾಡ ಎನ್ನುತ್ತಾರೆ. ಮೊಮ್ಮಗುವಿನ ಹೆಸರಿಡುವುದು, ಹೊಸ ಬೋರ್‌ವೆಲ್, ಮಗನಿಗೆ ಬಡ್ತಿ, ಇಷ್ಟಕ್ಕೆ ಮಾತ್ರ ಒಪ್ಪಿಗೆ. ಸಾಲಿನ ಕೊನೆಯ ಫೋನು ಕೊಟ್ಟೂರಿನ ಕೊಟ್ರಸ್ವಾಮಿಗೆ. ಅದು ಪೂರ್ತಿ ರಿಂಗಾಗಿ ನಿಂತಿತು. ಮೂರು ತಿಂಗಳಿಂದ ಹಾಗೇ ನಿಲ್ಲುತ್ತಿದೆ. ಕೊಟ್ರಸ್ವಾಮಿ ಒಮ್ಮೆ ಫೋನೆತ್ತಿ 'ಏನಲೇ ಬೆನಕಾ' ಅಂದರೆ ಸಾಕು, ಬೆನಕಪ್ಪನವರಿಗೆ ಬೇರೇನೂ ಬೇಕಿಲ್ಲ.

ಇಬ್ಬರೂ ಮಿಶನ್ ಕಾಲೇಜಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದವರು. ಎಂಬತ್ತರ ದಶಕದಲ್ಲಿ ಈ ಸುತ್ತಲಿನ ತಾಲ್ಲೂಕುಗಳಿಂದ ಡಿಗ್ರಿ ಓದಲು ಹೊರಟ ಹುಡುಗರಿಗೆ ಆ ಕಾಲೇಜು ಸಿಕ್ಕಿದ್ದೇ ಹೆಚ್ಚು. ಫೀಸು ಕಡಿಮೆ, ಶಿಸ್ತು ಜಾಸ್ತಿ ಎಂದು ಊರಿನ ಹಿರಿಯರು ಕಳಿಸುತ್ತಿದ್ದರು. ಹಾಸ್ಟೆಲಿನಲ್ಲಿ ಕ್ರೈಸ್ತ ಹುಡುಗರಿಗಿಂತ ಹಣೆಗೆ ವಿಭೂತಿ ಹಚ್ಚಿಕೊಂಡವರೇ ಹೆಚ್ಚಿದ್ದರು. ಶುಕ್ರವಾರ ಸಂಜೆ ಚಾಪೆಲ್ಲಿನ ಪ್ರಾರ್ಥನೆಗೆ ಬರಲೇಬೇಕೆಂದು ಯಾರೂ ಹೇಳುತ್ತಿರಲಿಲ್ಲ. ಆದರೆ ಅಲ್ಲಿ ಹಾಡಿರುತ್ತಿತ್ತು, ಫ್ಯಾನಿರುತ್ತಿತ್ತು. ಎಲ್ಲರೂ ಹೋಗುತ್ತಿದ್ದರು.

ಎರಡನೆಯ ವರ್ಷ ಒಂದು ಮಧ್ಯಾಹ್ನ ಊಟದ ಮನೆಯಲ್ಲಿ ಕೊಟ್ರಸ್ವಾಮಿ ತಟ್ಟೆಯ ಮೇಲೇ ಬಿದ್ದ. ಕೈಕಾಲು ಸೆಟೆದುಕೊಂಡವು, ಬಾಯಲ್ಲಿ ನೊರೆ. ಓಬಳೇಶಪ್ಪ ಟ್ರಂಕಿನ ಬೀಗದಕೈ ತಂದು ಅವನ ಮುಷ್ಟಿಯಲ್ಲಿಟ್ಟ. ಯಾರೋ ಈರುಳ್ಳಿ ತರಲು ಅಡುಗೆಮನೆಗೆ ಓಡಿದರು. ವಾರ್ಡನ್ ಸಾಲೋಮನ್ ಸರ್ ಬಂದು ಎಲ್ಲರನ್ನೂ ಸರಿಸಿ, ಹುಡುಗನನ್ನು ಒಂದು ಮಗ್ಗುಲಿಗೆ ಹೊರಳಿಸಿ, ತಲೆಯ ಕೆಳಗೆ ತಮ್ಮ ಶಾಲು ಮಡಚಿಟ್ಟು ಪಕ್ಕದಲ್ಲೇ ಕೂತರು.

ಆ ಶುಕ್ರವಾರ ಚಾಪೆಲ್ಲಿನಲ್ಲಿ ಅವನ ಹೆಸರು ಓದಿದರು. ಅದು ಅಲ್ಲಿಯ ಪದ್ಧತಿ. ಯಾರಿಗೆ ಜ್ವರ, ಯಾರ ತಾಯಿಗೆ ಆಪರೇಷನ್ ಎಂದು ಹೆಸರು, ಊರು, ಕಾಯಿಲೆ ಮೂರನ್ನೂ ಬಿಡಿಸಿ ಹೇಳಿ, ಎಲ್ಲರೂ ಕಣ್ಣುಮುಚ್ಚಿ ಅವರಿಗಾಗಿ ಬೇಡಿಕೊಳ್ಳುವುದು. “ಕೊಟ್ಟೂರಿನ ಕೊಟ್ರಸ್ವಾಮಿ, ಬಿ.ಕಾಂ. ಎರಡನೆಯ ವರ್ಷ. ಮೂರ್ಛೆರೋಗ.” ಇಡೀ ಚಾಪೆಲ್ಲು ಕಣ್ಣು ಮುಚ್ಚಿತು.

ಅಂದು ರಾತ್ರಿ ಕೋಣೆಯಲ್ಲಿ ಕೊಟ್ರಸ್ವಾಮಿ ಹೇಳಿದ ಮಾತು ಬೆನಕಪ್ಪನವರಿಗೆ ಈಗಲೂ ನೆನಪಿದೆ. “ನಮ್ಮ ಮನ್ಯಾಗ ಇದನ್ನ ಯಾರೂ ಬಾಯಿಬಿಟ್ಟು ಅಂದಿಲ್ಲಲೇ. ನಮ್ಮವ್ವ 'ಅದು' ಅಂತಾಳ. ಇವತ್ತ ಅಷ್ಟು ಮಂದಿ ನಡುವ ಓದಿದ್ರಲ್ಲ, ಎದಿ ಹಗುರಾತು.”

ಬೆನಕಪ್ಪ ಆ ಮಾತನ್ನು ಪೂರ್ತಿ ನಂಬಿದರು. ಎಂಟು ವರ್ಷಗಳ ಹಿಂದೆ ಸುದ್ದಿ ಬರೆಯಲು ಶುರುಮಾಡಿದಾಗ ಮದುವೆ, ನಿವೃತ್ತಿಗಳ ಜೊತೆಗೆ ಕಾಯಿಲೆಗೂ ಜಾಗ ಕೊಟ್ಟರು. ಯಾರಿಗೆ ಸ್ಟೆಂಟ್ ಹಾಕಿದರು, ಯಾರಿಗೆ ಕಣ್ಣಿನ ಪೊರೆ ತೆಗೆದರು ಎಂದು ಹೆಸರು ಹಿಡಿದು ಬರೆದರು. ಕೆಳಗೆ ಸಾಲುಸಾಲಾಗಿ ಕೈಮುಗಿದ ಚಿತ್ರಗಳು ಬರುತ್ತಿದ್ದವು. ಹಡಗಲಿಯ ಗೆಳೆಯನೊಬ್ಬನ ಡಯಾಲಿಸಿಸ್ ಸುದ್ದಿ ಓದಿ ಮೂವರು ಬಸ್ಸು ಹತ್ತಿ ನೋಡಲು ಹೋದದ್ದೂ ಉಂಟು. ಹೆಂಡತಿ ಕೊಟ್ರಮ್ಮ ಮಾತ್ರ ಗೊಣಗುತ್ತಿದ್ದರು: “ಊರ ಮಂದಿ ಬ್ಯಾನಿ ಎಲ್ಲಾ ನಿಮ್ಮ ಬಾಯಾಗ. ಗೊಬ್ಬರದ ಅಂಗಡಿ ಬಿಟ್ಟು ದವಾಖಾನಿ ಇಡ್ರಿ.”

ಕಳೆದ ಡಿಸೆಂಬರಿನಲ್ಲಿ ಕೊಟ್ರಸ್ವಾಮಿಯೇ ಖುಷಿಯಿಂದ ಫೋನು ಮಾಡಿದ್ದರು. ಹುಬ್ಬಳ್ಳಿಯ ಡಾಕ್ಟರು ಮಾತ್ರೆ ಕಡಿಮೆ ಮಾಡಿದ್ದಾರೆ, ಎಷ್ಟೋ ವರ್ಷದಿಂದ ಒಂದು ಸಲವೂ ಬಂದಿಲ್ಲ ಎಂದರು. ಬರೀಬ್ಯಾಡ ಎನ್ನಲಿಲ್ಲ. ಬೆನಕಪ್ಪ ಆ ತಿಂಗಳ ಸುದ್ದಿಯಲ್ಲಿ ಅದನ್ನೇ ಮೊದಲು ಹಾಕಿದರು: 'ಕೊಟ್ಟೂರಿನ ಬಟ್ಟೆ ವ್ಯಾಪಾರಿ, ನಮ್ಮ ಕೊಟ್ರಸ್ವಾಮಿಯನ್ನು ಹಾಸ್ಟೆಲಿನ ದಿನಗಳಿಂದ ಕಾಡುತ್ತಿದ್ದ ಫಿಟ್ಸ್ ಈಗ ಪೂರ್ತಿ ಹತೋಟಿಯಲ್ಲಿದೆ. ಎಲ್ಲರೂ ಹರಸಿರಿ.'

ಅವರಿಗೆ ಗೊತ್ತಿಲ್ಲದ ವಿಷಯವೊಂದಿತ್ತು. ಕೊಟ್ರಸ್ವಾಮಿಯ ಮಗಳು ಗೀತಾಂಜಲಿಗೆ ಹರಪನಹಳ್ಳಿಯ ಸಂಬಂಧವೊಂದು ಹೆಚ್ಚುಕಡಿಮೆ ಕೂಡಿಬಂದಿತ್ತು. ಹುಡುಗ ಪ್ರವೀಣಕುಮಾರ್ ಚಿಗಟೇರಿಯಲ್ಲಿ ಹೈಸ್ಕೂಲು ಮೇಷ್ಟ್ರು. ಹುಡುಗಿಗೆ ಹೂವು ಮುಡಿಸುವ ತನಕ ಸಂಬಂಧದ ಮಾತು ಹೊರಗೆ ಬೀಳಬಾರದೆಂಬುದು ಇಲ್ಲಿಯ ಎಲ್ಲ ಮನೆಗಳ ನಡಾವಳಿ. ಹಾಗಾಗಿ ಕೊಟ್ರಸ್ವಾಮಿ ಹಳೆಯ ಗೆಳೆಯನಿಗೂ ಹೇಳಿರಲಿಲ್ಲ. ಹುಡುಗನ ಸೋದರಮಾವ ಹಾಲೇಶಪ್ಪ ಅದೇ ಮಿಶನ್ ಕಾಲೇಜಿನಲ್ಲಿ ಇವರಿಗಿಂತ ಮೂರು ವರ್ಷ ಕಿರಿಯರಾಗಿ ಓದಿದವರು. ಕೊಟ್ರಸ್ವಾಮಿ ಬಿದ್ದದ್ದನ್ನು ಅವರು ಕಂಡಿರಲಿಲ್ಲ. ಅವರೂ ಗುಂಪಿನಲ್ಲಿದ್ದರು. ಸುದ್ದಿಯ ಕೆಳಗೆ ಅವರೂ ಕೈಮುಗಿದ ಚಿತ್ರ ಹಾಕಿದರು. ಆ ವಾರವೇ ಹರಪನಹಳ್ಳಿಯಿಂದ 'ಈ ವರ್ಷ ಬ್ಯಾಡ ಅಂತ ಹಿರೇರು ಅಂದಾರ' ಎಂದು ಹೇಳಿಕಳಿಸಿದರು.

ಕೊಟ್ರಸ್ವಾಮಿಯ ಹೆಂಡತಿ ಮರುಳಸಿದ್ದಮ್ಮ ಅತ್ತುಕೊಂಡು ಕೊಟ್ರಮ್ಮನವರಿಗೆ ಫೋನು ಮಾಡಿದಾಗಲೇ ಬೆನಕಪ್ಪನವರಿಗೆ ವಿಷಯ ತಿಳಿದದ್ದು.

“ಮಗಳಿದ್ದ ಮನಿ ಬ್ಯಾನಿ ಹೊಸ್ತಿಲ ದಾಟಬಾರದು. ಇದು ನಮ್ಮವ್ವ ನನಗ ಹೇಳಿದ್ದು, ಅವರವ್ವ ಆಕಿಗೆ ಹೇಳಿದ್ದು. ನಿಮಗ ಯಾರೂ ಹೇಳಲಿಲ್ಲೇನು?” ಎಂದು ಕೊಟ್ರಮ್ಮ ಫೋನಿಟ್ಟು ಕೇಳಿದರು.

“ಕಾಲೇಜಿನ್ಯಾಗ ಹಂಗ ಓದ್ತಿದ್ರು.”

“ಅಲ್ಲಿ ಓದಿದೋರಿಗೆ ಕೊಟ್ಟೂರಾಗ ಹೆಣ್ಣು ಕೊಡೋದು ತರೋದು ಇತ್ತೇನ್ರಿ?”

ಜನವರಿಯಲ್ಲಿ ಗಂಡಹೆಂಡತಿ ಇಬ್ಬರೂ ಬಸ್ಸಿನಲ್ಲಿ ಕೊಟ್ಟೂರಿಗೆ ಹೋದರು. ಕೊಟ್ರಸ್ವಾಮಿ ಮನೆಯ ಪಡಸಾಲೆಯಲ್ಲೇ ಇದ್ದರು. ಎದ್ದು ನಿಂತು, “ಬರ್ರಿ ಬೆನಕಪ್ನೋರ, ಕುಂದರ್ರಿ” ಎಂದರು. ಹೊಸ ಬೀಗರನ್ನು ಕರೆಯುವ ಹಾಗೆ. ಚಹಾ ಬಂತು, ಮಂಡಕ್ಕಿ ಬಂತು. ಮಳೆಬೆಳೆಯ ಮಾತು ಮುಗಿದ ಮೇಲೆ ಬೆನಕಪ್ಪ ಕೇಳಿದರು.

“ಅಂಗಡಿಗೆ ಹೋಗಿಲ್ಲೇನಲೇ ಇವತ್ತ?”

“ಹೋಗ್ತೀನ್ರಿ. ನಿಮ್ಮ ಸುದ್ದಿ ಊರೆಲ್ಲಾ ಹಬ್ಬೈತಿ. ಹೋದ್ರ ಮಂದಿ ಕತ್ರಿ ಕೈಯಾಗಿಂದ ಇಸಗೊಂತಾರ. ನೀವು ಕುಂದರ್ರಿ, ನಾವ ಕತ್ತರಸ್ತೀವಿ ಅಂತಾರ. ಪಾಪ, ಒಳ್ಳೇದಕ್ಕ ಅಂತಾರ. ರಸ್ತಿ ದಾಟಬೇಕಂದ್ರ ಯಾರರ ಬಂದು ತೋಳು ಹಿಡೀತಾರ. ಸ್ಕೂಟರಿನ ಕೀಲಿಕೈ ನಮ್ಮ ತಮ್ಮ ತಗೊಂಡು ಹೋಗ್ಯಾನ.” ಲೋಟ ಕೆಳಗಿಟ್ಟರು. “ನಲವತ್ತು ವರ್ಷ ಈ ಊರಾಗ ಯಾರಿಗೂ ಗೊತ್ತಿದ್ದಿಲ್ಲ.”

“ತಪ್ಪಾತು. ಏನ್ ಮಾಡ್ಲಿ ಹೇಳು.”

“ಒಂದ ಕೆಲಸ ಮಾಡ್ರಿ. ಆ ಸುದ್ದಿ ತಪ್ಪು ಅಂತ ಬರೀರಿ. ಬ್ಯಾರೇ ಯಾರದೋ ನನ್ನ ಹೆಸರಿಗೆ ಹಾಕೀನಿ ಅಂತ ಬರೀರಿ.”

“ಅದು ಸುಳ್ಳಾಕ್ಕೈತಲ್ಲೋ.”

“ಖರೇ ಬರದು ಏನ್ ಮಾಡಿದ್ರಿ?”

ಬಸ್‌ಸ್ಟ್ಯಾಂಡಿನ ತನಕ ಗೀತಾಂಜಲಿ ಜೊತೆಗೆ ಬಂದಳು. ಇಪ್ಪತ್ತೇಳರ ಹುಡುಗಿ, ಊರಿನ ಖಾಸಗಿ ಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಬಸ್ಸು ಬರುವ ಮೊದಲು ಹೇಳಿದಳು:

“ಕಾಕಾ, ಆ ಸಂಬಂಧ ಹೋದ್ರ ಹೋಗ್ಲಿ ಅಂತ ಎಲ್ಲಾರೂ ನನಗ ಸಮಾಧಾನ ಹೇಳಾಕತ್ಯಾರ. ನನಗ ಆ ಹುಡುಗ ಮನಸ್ಸಿಗೆ ಬಂದಿದ್ದ. ಎರಡು ತಿಂಗಳು ಫೋನಿನ್ಯಾಗ ಮಾತಾಡೀವಿ. ಕಡೀಕ ಫೋನ್ ಮಾಡಿ, 'ನಿನಗೂ ಬಂದೈತೇನು, ಖರೇ ಹೇಳು' ಅಂದ. ನಾ ಫೋನ್ ಇಟ್ಟೆ.”

“ನಾ ಹೋಗಿ ಆತನ ಜೋಡಿ ಮಾತಾಡ್ಲೇನಮ್ಮ?”

“ಬ್ಯಾಡ್ರಿ ಕಾಕಾ. ಇನ್ನ ಯಾರ ಜೋಡಿನೂ ಮಾತಾಡಬ್ಯಾಡ್ರಿ.” ಆಮೇಲೆ ಕೊಟ್ರಮ್ಮನವರ ಚೀಲ ಬಸ್ಸಿನೊಳಗೆ ಎತ್ತಿಕೊಟ್ಟಳು.

ಫೆಬ್ರವರಿಯ ಸುದ್ದಿ ಬರೆಯಲು ಬೆನಕಪ್ಪನವರಿಗೆ ಇಡೀ ಭಾನುವಾರ ಬೇಕಾಯಿತು. ಎಂಟು ವರ್ಷದಲ್ಲಿ ಅವರು ಗೊತ್ತಿದ್ದೂ ಸುಳ್ಳು ಬರೆದಿರಲಿಲ್ಲ. ಯಾರ ಮಗನ ಕೆಲಸ ಖಾಯಂ, ಯಾರದು ಗುತ್ತಿಗೆ ಎಂಬುದನ್ನೂ ವಿಚಾರಿಸಿಯೇ ಹಾಕುತ್ತಿದ್ದರು. ಕೊನೆಗೆ ಬರೆದರು: 'ಡಿಸೆಂಬರಿನಲ್ಲಿ ಕೊಟ್ರಸ್ವಾಮಿಯವರ ಆರೋಗ್ಯದ ಬಗ್ಗೆ ಬರೆದದ್ದು ನನ್ನ ಗಲಿಬಿಲಿಯಿಂದಾದ ತಪ್ಪು. ಅವರಿಗೆ ಅಂಥ ಯಾವ ಕಾಯಿಲೆಯೂ ಇಲ್ಲ, ಇರಲಿಲ್ಲ. ಕ್ಷಮೆ ಇರಲಿ.'

ಹಾಸ್ಟೆಲಿನಲ್ಲಿದ್ದವರು ಗುಂಪಿನಲ್ಲಿ ಹಲವರಿದ್ದರು. ಅಂದು ಊಟದ ಮನೆಯಲ್ಲಿದ್ದವರೂ ಇದ್ದರು. ಯಾರೂ ಎದುರಾಡಲಿಲ್ಲ. 'ಸರಿ', 'ಆಗಲಿ', 'ತಿಳೀತು' ಎಂದು ಬರೆದರು. ಹಾಲೇಶಪ್ಪ 'ಆದದ್ದು ಆತು ಬಿಡ್ರಿ' ಎಂದರು.

ಓಬಳೇಶಪ್ಪ ಮಾತ್ರ ಫೋನು ಮಾಡಿದರು.

“ಲೇ ಬೆನಕಾ, ಅವನ ಕೈಯಾಗ ಬೀಗದಕೈ ಇಟ್ಟೋನು ನಾನು. ನನಗ ಹೇಳ್ತೀಯೇನು, ಇರಲಿಲ್ಲ ಅಂತ?”

“ಅವನ ಬರೀ ಅಂದ.”

“ಅವ ಬರೀ ಅಂದ, ನೀ ಬರದಿ. ಮೊದಲ ಮಂದಿಗೆ ಫಿಟ್ಸ್ ಐತಿ ಅಂತ ಅಷ್ಟ ಗೊತ್ತಿತ್ತು. ಈಗ ಎಲ್ಲಾರಿಗೂ ಅದನ್ನ ಮುಚ್ಚಾಕತ್ಯಾನ ಅಂತ ಗೊತ್ತಾತು. ಸುಮ್ಕಿರಬೇಕಿತ್ತಲೇ, ಮರೀತಿದ್ರು.”

ಅವರ ಮಾತು ನಿಜವಾಯಿತು. ಆ ರಾತ್ರಿಯೇ ಹಾಸ್ಟೆಲಿನ ಮೂರು ನಾಲ್ಕು ಮಂದಿ ಕೊಟ್ರಸ್ವಾಮಿಗೆ ಫೋನು ಮಾಡಿ, ಮುಚ್ಚಿಡುವಂಥದ್ದೇನೂ ಅಲ್ಲ, ಧೈರ್ಯವಾಗಿರು ಎಂದರಂತೆ. ಅವರೆಲ್ಲ ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಬೆಳಗಾಗುವಷ್ಟರಲ್ಲಿ ಕೊಟ್ರಸ್ವಾಮಿ ಗುಂಪು ಬಿಟ್ಟಿದ್ದರು.

ಮಾರ್ಚಿನ ಆ ಭಾನುವಾರ, ಕೊಟ್ರಸ್ವಾಮಿಯ ಫೋನು ರಿಂಗಾಗಿ ನಿಂತ ಸ್ವಲ್ಪ ಹೊತ್ತಿಗೆ ಬೆನಕಪ್ಪನವರಿಗೇ ಒಂದು ಫೋನು ಬಂತು. ಹರಪನಹಳ್ಳಿಯಿಂದ ಹಾಲೇಶಪ್ಪ.

“ಸರ್, ಒಂದು ಶುಭ ಸುದ್ದಿ. ನಮ್ಮ ಪ್ರವೀಣಂದು ಮದುವಿ ಗೊತ್ತಾಗೈತಿ. ಹುಡುಗಿ ಹಡಗಲಿ ಕಡೇರು. ನಿನ್ನೆ ಹೂವು ಮುಡಿಸಿ ಬಂದ್ವಿ. ಈ ತಿಂಗಳ ಸುದ್ದ್ಯಾಗ ಚೊಲೋ ಮಾಡಿ ಬರೀರಿ.”

“ಆಗ್ಲಿ ಹಾಲೇಶಪ್ಪ” ಎಂದರು ಬೆನಕಪ್ಪ. ಆಮೇಲೆ ಕೇಳಿದರು: “ಅವತ್ತ ನಾ ಬರೀದಿದ್ರ, ಕೊಟ್ಟೂರಿಂದು ಆಗ್ತಿತ್ತೇನು?”

“ಆಗ್ತಿತ್ತು ಸರ್. ಹುಡುಗಿ ಎಲ್ಲಾರಿಗೂ ಒಪ್ಪಿಗಿ ಆಗಿದ್ದಳು. ಒಂದು ಮಾತು ಹೇಳ್ಲೇನ್ರಿ? ಕೊಟ್ರಸ್ವಾಮಿ ತಾನ ಬಂದು ನಮಗ ಹೇಳಿದ್ರೂ ಆಗ್ತಿತ್ತೇನೋ. ಮಂದಿಯಿಂದ ತಿಳದದ್ದಕ್ಕ ನಮ್ಮಕ್ಕ ಹಟ ಹಿಡದಳು.”

ಬೆನಕಪ್ಪ ಆ ಮದುವೆಯ ಸುದ್ದಿ ಬರೆಯಲಿಲ್ಲ. ಬೇರೆ ಸುದ್ದಿಯನ್ನೂ ಬರೆಯಲಿಲ್ಲ. ಸಂಜೆ ಓಬಳೇಶಪ್ಪನವರಿಗೆ ಮತ್ತೆ ಫೋನು ಮಾಡಿ, ಇನ್ನು ಮುಂದೆ ನೀನು ನೋಡಿಕೋ ಎಂದರು. ಓಬಳೇಶಪ್ಪ ಎರಡು ಸಲ ಬ್ಯಾಡ ಎಂದು, ಮೂರನೆಯ ಸಲ ಒಪ್ಪಿದರು. ಕಾಯಿಲೆ ಸುದ್ದಿ ಹಾಕುವುದಿಲ್ಲ ಎಂಬುದು ಅವರ ಮೊದಲ ಕರಾರು.

ಗೀತಾಂಜಲಿಗೆ ಹೊಸಪೇಟೆಯ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದೆ. ಜೂನ್‌ನಲ್ಲಿ ಶಾಲೆ ಶುರುವಾಗುವ ಮೊದಲು ತಂದೆತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಾಳೆ. ಬೆನಕಪ್ಪನವರಿಗೆ ಇದು ಗೊತ್ತಾದದ್ದು ಕೊಟ್ಟೂರಿನಿಂದ ಬಿತ್ತನೆ ಬೀಜಕ್ಕೆ ಬಂದ ರೈತರೊಬ್ಬರಿಂದ. ಕೊಟ್ರಸ್ವಾಮಿಯ ಬಟ್ಟೆ ಅಂಗಡಿ ಮೇ ತಿಂಗಳ ಕೊನೆಗೆ ಮುಚ್ಚುತ್ತದೆ. ಆ ಜಾಗವನ್ನು ಮೊಬೈಲ್ ರಿಪೇರಿಯವರೊಬ್ಬರು ಬಾಡಿಗೆಗೆ ಹಿಡಿದಿದ್ದಾರೆ.